ಅಪ್ಪನ ಪಿಕಪ್ಪಿನ ಸೆಂಟರ್ ಬೇರಿಂಗ್

ನನಗೆ ಡಿಗ್ರಿ ಆಗುವ ಮಾತೇ ಇಲ್ಲ ಅಂತ ಹೇಳಿದ್ದು ನನ್ನ ಸೋದರಮಾವ. ಸುಳ್ಯದಲ್ಲಿ ಅವರದ್ದು ಹೊಲಿಗೆ ಅಂಗಡಿ. ಪಿಯುಸಿ ಮುಗಿಸಿ ಪುತ್ತೂರಿನಲ್ಲಿ ಇಂಜಿನಿಯರಿಂಗಿಗೆ ಸೇರುವಾಗ ಎರಡು ಚೂಡಿದಾರ ಹೊಲಿಸಲು ಅವರ ಹತ್ತಿರ ಹೋಗಿದ್ದೆ. ನನ್ನ ಭುಜದ ಅಳತೆ ತೆಗೆಯುತ್ತಾ ಹೇಳಿದರು: "ನಮ್ಮ ಸಂತಾನಕ್ಕೆ ಲೆಕ್ಕ ಬರುದಿಲ್ಲ ಮಾರಾಯ್ತಿ. ನನಗೆ ಬರಲಿಲ್ಲ, ನಿನ್ನ ಅಮ್ಮನಿಗೆ ಬರಲಿಲ್ಲ. ನಿನ್ನ ಅಪ್ಪ ಎಂಟನೇ ಕ್ಲಾಸಿನಲ್ಲಿ ನೀರು ಕುಡಿಯಲಿಕ್ಕೆ ಅಂತ ಹೊರಗೆ ಹೋದವ ಇನ್ನೂ ವಾಪಸ್ ಬರಲಿಲ್ಲ. ನೀನು ಸೇರು, ನಾನು ಬೇಡ ಹೇಳುದಿಲ್ಲ. ಆದರೆ ಮುಗಿಯುದಿಲ್ಲ."

ಹೇಳಿ, ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡರು. ದಿನಕ್ಕೆ ನೂರು ಸಲ ಲೆಕ್ಕ ಮಾಡುವ ಮನುಷ್ಯನಿಗೆ ತನಗೆ ಲೆಕ್ಕ ಬರುತ್ತದೆ ಅಂತ ಗೊತ್ತಿರಲಿಲ್ಲ. ನನಗೂ ಆಗ ಅದು ಹೊಳೆಯಲಿಲ್ಲ.

ಮಾವನ ಮಾತು ಅರ್ಧಕ್ಕರ್ಧ ಸರಿಯೇ ಆಯಿತು. ಎರಡನೇ ವರ್ಷದ ಗಣಿತ ನನ್ನನ್ನು ಎರಡು ಸಲ ಕೆಡವಿತು. ಅದರ ಹಿಂದೆ ಇನ್ನೊಂದು ವಿಷಯ ಹೋಯಿತು, ಅದರ ಹಿಂದೆ ಒಂದು ವರ್ಷವೇ ಹೋಯಿತು. ನನ್ನ ಜೊತೆ ಸೇರಿದವರು ಮುಗಿಸಿ, ಫೋಟೋ ತೆಗೆಸಿಕೊಂಡು ಹೋದರು. ನಾನು ಕಿರಿಯರ ಜೊತೆ ಕೊನೆಯ ಬೆಂಚಿನಲ್ಲಿ ಕೂತು, ಒಂದೊಂದೇ ವಿಷಯ ತೀರಿಸುತ್ತಾ ಕೊನೆಯ ಸೆಮಿಸ್ಟರಿಗೆ ಬಂದೆ. ಉಳಿದದ್ದು ಪ್ರಾಜೆಕ್ಟ್ ಒಂದೇ. ಬೇರೆಯವರು ನಾಲ್ಕು ನಾಲ್ಕು ಜನರ ಗುಂಪು. ನನ್ನ ಗುಂಪಿನಲ್ಲಿ ನಾನು ಮಾತ್ರ.

ನನ್ನ ಗೈಡ್ ಒಬ್ಬರು ಮೇಡಂ. ನೇರ ಮಾತು. "ನೋಡು, ನೀನು ಒಬ್ಬಳೇ ಮುಗಿಸಬಹುದಾದ ವಿಷಯ ತೆಗೆದುಕೊಂಡು ಬಾ. ಹೊರಗಿನಿಂದ ಪರೀಕ್ಷಕರು ಬರ್ತಾರೆ. ಅವರು ಒಪ್ಪದಿದ್ದರೆ ಇನ್ನೊಂದು ವರ್ಷ," ಅಂದರು.

ಇನ್ನೊಂದು ವರ್ಷ ನನ್ನಲ್ಲಿ ಇರಲಿಲ್ಲ. ಈ ಸಲ ಆಗದಿದ್ದರೆ ಬಿಟ್ಟುಬಿಡುವುದು ಅಂತ ನಾನು ನಿಶ್ಚಯ ಮಾಡಿ ಆಗಿತ್ತು. ಅಮ್ಮನಿಗೆ ಮಾತ್ರ ಹೇಳಿದ್ದೆ. ಅಮ್ಮ ನನ್ನ ಮುಖ ನೋಡದೆ, "ಮೊದಲು ಊಟ ಮಾಡು," ಅಂದಿದ್ದರು.

ನಮ್ಮ ಮನೆ ಅರಂತೋಡಿನಿಂದ ಸ್ವಲ್ಪ ಒಳಗೆ. ಅಪ್ಪನಿಗೆ ಒಂದು ಪಿಕಪ್ ಉಂಟು. ಸುಬ್ರಹ್ಮಣ್ಯದ ಅಂಗಡಿಗಳಿಗೆ ಬಾಳೆಗೊನೆ, ಕಡಬಕ್ಕೆ ಪಶು ಆಹಾರದ ಗೋಣಿ, ಈಶ್ವರಮಂಗಲದ ಕಡೆಯಿಂದ ತೆಂಗಿನಕಾಯಿ, ಹೀಗೆ ಯಾವ ಲೋಡು ಸಿಕ್ಕಿದರೆ ಅದು. ಸೋಮವಾರ ಪುತ್ತೂರಿಗೆ ಲೋಡು ಇದ್ದರೆ ನಾನು ಅದೇ ಗಾಡಿಯಲ್ಲಿ ಹಾಸ್ಟೆಲಿಗೆ ಹೋಗುವುದು. ಮನೆಯಲ್ಲಿ ನಾವು ಈ ಕಡೆಯ ಮನೆಮಾತಾದ ಅರೆಭಾಷೆ ಮಾತಾಡುತ್ತೇವೆ. ಗಾಡಿಯ ವಿಷಯ ಬಂದರೆ ಮಾತ್ರ ಅಪ್ಪ ಕನ್ನಡಕ್ಕೆ ಬರುತ್ತಾರೆ, ಗ್ಯಾರೇಜಿನ ಭಾಷೆ ಅಂತಲೋ ಏನೋ.

ಅಪ್ಪನಿಗೆ ಗಾಡಿಯ ಶಬ್ದಗಳಿಗೆಲ್ಲ ಹೆಸರು ಉಂಟು. ಗೇರ್‌ಬಾಕ್ಸ್ ತಕರಾರು ಮಾಡಿದರೆ "ಗಂಟಲು ಕೆರೆಯುದು". ಚಕ್ರದ ಬೇರಿಂಗ್ ಹೋದರೆ "ಕಡೆಯುವ ಕಲ್ಲು". ಆ ವರ್ಷ ನಮ್ಮ ಪಿಕಪ್ಪಿಗೆ ಎರಡು ಶಬ್ದ ಅಂಟಿಕೊಂಡಿತ್ತು. ಲೋಡು ಹಾಕಿ ಏರಿನಲ್ಲಿ ಹೊರಡುವಾಗ ಸೀಟಿನ ಕೆಳಗೆ ಡಕ್, ಡಕ್, ಡಕ್. ಅದು "ಬಾಗಿಲು ತಟ್ಟುದು". ಇನ್ನೊಂದು, ಸ್ಪೀಡು ಐವತ್ತಕ್ಕೆ ಬಂದ ಕೂಡಲೇ ಗಾಡಿಯ ನಡುವಿನಿಂದ ಒಂದು ಗುಂಯ್, ಜೊತೆಗೆ ಸಣ್ಣ ನಡುಕ. ಅರವತ್ತು ದಾಟಿದರೆ ಮಾಯ. ಅದಕ್ಕೆ ಅಪ್ಪ ಇಟ್ಟ ಹೆಸರು "ಅಜ್ಜ ಜಪ ಮಾಡುದು".

"ಕೇಳು, ಕೇಳು, ಅಜ್ಜ ಶುರು ಮಾಡಿದ್ರು," ಅನ್ನುತ್ತಿದ್ದರು ಜಾಲ್ಸೂರು ದಾಟಿದ ಕೂಡಲೇ.

ತಮಾಷೆಯ ಮಾತು, ಆದರೆ ಮುಖದಲ್ಲಿ ತಮಾಷೆ ಇರಲಿಲ್ಲ. ಪುತ್ತೂರಿನಲ್ಲಿ ಅಪ್ಪನ ಹಳೆಯ ಸ್ನೇಹಿತರೊಬ್ಬರ ಗ್ಯಾರೇಜು. ಬ್ಯಾರಿ ಮುಸ್ಲಿಮರು, ನಾವೆಲ್ಲ ಕಾಕ ಅಂತಲೇ ಕರೆಯುವುದು. ಕಾಕ ಎರಡು ವರ್ಷದಲ್ಲಿ ಎರಡು ಸಲ ಸೆಂಟರ್ ಬೇರಿಂಗ್ ಬದಲಿಸಿದ್ದರು. ಈಗ ಮೂರನೇ ಸಲ ಅದೇ ಶಬ್ದ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇಂತಹ ಗಾಡಿಯಲ್ಲಿ ಎಂಜಿನ್ ಮುಂದೆ, ತಿರುಗಬೇಕಾದ ಚಕ್ರ ಹಿಂದೆ. ಮುಂದಿನ ತಿರುಗಾಟವನ್ನು ಹಿಂದಕ್ಕೆ ಮುಟ್ಟಿಸುವ ಉದ್ದದ ಕಬ್ಬಿಣದ ಕೊಳವೆಗೆ ಪ್ರೊಪೆಲ್ಲರ್ ಶಾಫ್ಟ್ ಅನ್ನುತ್ತಾರೆ. ನಮ್ಮ ಪಿಕಪ್ಪಿನಲ್ಲಿ ಅದು ಎರಡು ತುಂಡು. ಎರಡು ತುಂಡು ಸೇರುವ ನಡುವಿನ ಜಾಗದಲ್ಲಿ ಅದನ್ನು ಎತ್ತಿ ಹಿಡಿಯುವುದೇ ಸೆಂಟರ್ ಬೇರಿಂಗ್. ಒಳಗೆ ಉಕ್ಕಿನ ಬೇರಿಂಗ್, ಅದರ ಸುತ್ತ ದಪ್ಪ ರಬ್ಬರಿನ ಮೆತ್ತೆ, ಹೊರಗೆ ಕಬ್ಬಿಣದ ಬ್ರಾಕೆಟ್.

"ಇನ್ನು ನನ್ನಿಂದ ಆಗುದಿಲ್ಲ," ಅಂದರು ಕಾಕ. "ಚಾಸಿಸೇ ಬಾಗಿರಬೇಕು. ಮಾರಿಬಿಡು."

"ನಿನ್ನನ್ನು ಬೇಕಾದರೆ ಮಾರ್ತೇನೆ," ಅಂದರು ಅಪ್ಪ.

ಇದನ್ನೇ ಪ್ರಾಜೆಕ್ಟ್ ಮಾಡಬಾರದಾ ಅಂತ ನನಗೆ ಹೊಳೆದದ್ದು ಆ ಕ್ಷಣಕ್ಕೆ. ಮೇಡಂ ಮೊದಲು ಒಪ್ಪಲಿಲ್ಲ. ಇದು ಗ್ಯಾರೇಜಿನ ಕೆಲಸ, ಇದರಲ್ಲಿ ಇಂಜಿನಿಯರಿಂಗ್ ಎಲ್ಲಿ ಅಂತ ಕೇಳಿದರು. ನಾನು ಮೂರು ಸಲದ ಕತೆ ಹೇಳಿದೆ. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿ ಹೇಳಿದರು: "ಶಬ್ದ ನಿಲ್ಲಿಸಿದರೆ ನಿನಗೆ ಮಾರ್ಕು ಇಲ್ಲ. ಅದನ್ನು ಆ ಕಾಕನವರೇ ಎರಡು ಸಲ ಮಾಡಿದ್ದಾರೆ. ಯಾಕೆ ಮತ್ತೆ ಮತ್ತೆ ಬರ್ತದೆ, ಅದನ್ನು ತೋರಿಸು. ಆಗ ನೋಡುವ."

ಮೊದಲ ಕೆಲಸ, ಶಬ್ದ ಎಲ್ಲಿಯದ್ದು ಅಂತ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಹಿಡಿಯುವುದು. ನಾನು ಒಂದು ಪುಸ್ತಕದಲ್ಲಿ ಗೆರೆ ಎಳೆದು ಕಾಲಂ ಮಾಡಿದೆ. ಅಪ್ಪ ಓಡಿಸುವುದು, ನಾನು ಬರೆಯುವುದು. ಕಾವಿನ ಹತ್ತಿರ ರಸ್ತೆ ನೇರ ಇರುವಲ್ಲಿ, ಹಿಂದೆ ಮುಂದೆ ಗಾಡಿ ಇಲ್ಲದಾಗ, ಐವತ್ತರಲ್ಲಿ ಹೋಗುತ್ತಾ ಒಂದು ಕ್ಷಣ ಗೇರ್ ನ್ಯೂಟ್ರಲಿಗೆ ಹಾಕಿಸಿದೆ. ಎಂಜಿನ್ ಸದ್ದು ಕೆಳಗಿಳಿಯಿತು, ಅಜ್ಜನ ಜಪ ಇಳಿಯಲಿಲ್ಲ. ಅಂದರೆ ಎಂಜಿನ್ ಅಲ್ಲ, ಕ್ಲಚ್ ಅಲ್ಲ. ಗಾಡಿ ಓಡುವ ವೇಗಕ್ಕೆ ತಿರುಗುವ ಯಾವುದೋ ಒಂದು. ತಿರುವಿನಲ್ಲಿ ಎಡಕ್ಕೆ, ಬಲಕ್ಕೆ ವಾಲಿದಾಗ ಶಬ್ದ ಬದಲಾದರೆ ಚಕ್ರದ ಬೇರಿಂಗ್. ಬದಲಾಗಲಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಆದರೆ ಹಿಂದಿನ ಎರಡು ಚಕ್ರದ ನಡುವೆ ಇರುವ ಹೌಸಿಂಗಿನೊಳಗಿನ ಗೇರಿನ ಹಲ್ಲು. ಅದೂ ಅಲ್ಲ.

"ಈಗ ಎಂತ ಶಬ್ದ ಬಂತು, ಬರಿ," ಅನ್ನುತ್ತಿದ್ದರು ಅಪ್ಪ.

"ಎಂತ ಅಂತ ಬರೆಯುದು?"

"ಅಜ್ಜ ಜಪ ಮಾಡ್ತಾ ಮಾಡ್ತಾ ಒಮ್ಮೆ ಕೆಮ್ಮಿದ್ರು ಅಂತ ಬರಿ."

"ಮೇಡಂ ಓದ್ಲಿಕ್ಕೆ ಉಂಟು ಅಪ್ಪ ಇದನ್ನು."

"ಅವರ ಮನೆಯಲ್ಲಿ ಅಜ್ಜ ಇಲ್ವಾ?"

ನಾನು ಬರೆದೆ. ಅಪ್ಪನ ಮಾತು ಒಂದು ಕಾಲಂ, ಪಕ್ಕದಲ್ಲಿ ನನ್ನ ಪುಸ್ತಕದ ಮಾತು ಇನ್ನೊಂದು ಕಾಲಂ. ಕಡಬಕ್ಕೆ ಗೋಣಿ ಹೇರಿಕೊಂಡು ಹೋದಾಗ ಬಾಗಿಲು ತಟ್ಟುವುದು ಹೆಚ್ಚು, ಖಾಲಿ ಬರುವಾಗ ಕಡಿಮೆ. ಅದೂ ಪುಸ್ತಕಕ್ಕೆ ಹೋಯಿತು. ಎರಡು ವಾರದಲ್ಲಿ ನನಗೆ ಒಂದು ವಿಷಯ ಅರ್ಥ ಆಯಿತು: ಅಪ್ಪ ತಮಾಷೆಗೆ ಹೇಳುತ್ತಿದ್ದ ಪ್ರತಿಯೊಂದು ಹೆಸರಿನ ಹಿಂದೆ ಯಾವ ವೇಗ, ಯಾವ ಗೇರು, ಎಷ್ಟು ಲೋಡು ಅನ್ನುವುದು ಸರಿಯಾಗಿ ಉಂಟು. ಒಮ್ಮೆಯೂ ತಪ್ಪಿ ಹೇಳಲಿಲ್ಲ. ಎಂಟನೇ ಕ್ಲಾಸಿನಲ್ಲಿ ನೀರು ಕುಡಿಯಲು ಹೋದ ಮನುಷ್ಯ.

ಆಮೇಲೆ ಕಾಕನ ಗ್ಯಾರೇಜಿನಲ್ಲಿ ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರಿಗೆ ಹಾಕಿ ನಿಧಾನ ತಿರುಗಿಸಿದೆವು. ನಾನು ಪಕ್ಕದಿಂದ, ಶಾಫ್ಟಿಗೆ ತಾಗದಷ್ಟು ದೂರದಿಂದ, ಅಡಿಕೆ ಮರ ಸೀಳಿ ಮಾಡಿದ ಒಂದು ಉದ್ದದ ಸಲಾಕೆಯ ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ ಇಟ್ಟು ಕೇಳಿದೆ. ಮರ ಶಬ್ದವನ್ನು ಚೆನ್ನಾಗಿ ಹೊರುತ್ತದೆ. ಗೇರ್‌ಬಾಕ್ಸು ನಯವಾಗಿತ್ತು, ಹೌಸಿಂಗು ನಯವಾಗಿತ್ತು. ನಡುವಿನ ಬ್ರಾಕೆಟಿಗೆ ಇಟ್ಟರೆ ಹಲ್ಲಿನವರೆಗೆ ನಡುಕ.

"ಬಿಚ್ಚುದಾ?" ಅಂತ ಕೇಳಿದೆ.

"ನೀನೇ ಬಿಚ್ಚು," ಅಂದರು ಕಾಕ. "ನಾನು ಕೈ ಹಾಕಿದರೆ ನಿನ್ನ ಮೇಡಂ ಮಾರ್ಕು ನನಗೆ ಕೊಟ್ಟಾರು."

ಬಿಚ್ಚಿದೆ. ಬೋಲ್ಟು ಒಂದೊಂದೂ ಜೀವ ತೆಗೆಯಿತು. ನಾಲ್ಕು ಗಂಟೆಯ ಕೆಲಸ. ಹೊಸ ಸೆಂಟರ್ ಬೇರಿಂಗ್ ಕೂರಿಸಿ, ಎಲ್ಲ ಬಿಗಿದು, ಅಪ್ಪನನ್ನು ಕೂರಿಸಿ ಓಡಿಸಿದರೆ ಹಳೆಯ ಎರಡು ಶಬ್ದ ಹೋಗಿ ಹೊಸದೊಂದು ಬಂದಿತ್ತು. ಈಗ ಮೂವತ್ತರಿಂದಲೇ ಇಡೀ ಗಾಡಿ ನಡುಗುತ್ತಿತ್ತು. ಅಪ್ಪ ಹೆಸರಿಡಲೂ ಇಲ್ಲ. ಗ್ಯಾರೇಜಿಗೆ ವಾಪಸ್ ಬಂದು, ಎಂಜಿನ್ ಆಫ್ ಮಾಡಿ, ಸ್ಟೇರಿಂಗ್ ಮೇಲೆ ಕೈ ಇಟ್ಟು ಕೂತರು.

ಕಾಕ ಬಗ್ಗಿ ನೋಡಿ ನಗಲು ಶುರು ಮಾಡಿದರು. ನಿಲ್ಲಿಸುವ ಲಕ್ಷಣ ಇರಲಿಲ್ಲ. "ನಿಮ್ಮ ಕಾಲೇಜಿನಲ್ಲಿ ಚಾಕ್ ಇಲ್ವಾ ಮಾರಾಯ್ತಿ?"

ಶಾಫ್ಟಿನ ಎರಡು ತುಂಡುಗಳು ಒಂದಕ್ಕೊಂದು ಹೇಗೆ ಕೂತಿದ್ದವೋ ಹಾಗೆಯೇ ಮತ್ತೆ ಕೂರಬೇಕು. ಅದಕ್ಕೆ ಬಿಚ್ಚುವ ಮೊದಲು ಎರಡರ ಮೇಲೂ ಚಾಕಿನಲ್ಲಿ ಒಂದೇ ಗೆರೆ ಎಳೆಯುತ್ತಾರೆ. ಯಾವ ಗ್ಯಾರೇಜಿನಲ್ಲೂ ಮೊದಲ ತಿಂಗಳಿನಲ್ಲೇ ಕಲಿಸುವ ಪಾಠ. ನಾನು ತುಂಡುಗಳು ಒಂದರೊಳಗೊಂದು ಸೇರುವ ಹಲ್ಲುಗಳಲ್ಲಿ ಎರಡು ಹಲ್ಲು ಆಚೆ ಕೂರಿಸಿದ್ದೆ. ಪುಸ್ತಕದಲ್ಲಿ ಅದರ ಬಗ್ಗೆ ಅರ್ಧ ಪುಟ ಉಂಟು, ಪರೀಕ್ಷೆಯಲ್ಲಿ ಬರೆದು ಮಾರ್ಕು ತೆಗೆದುಕೊಂಡವಳೂ ನಾನೇ. ಕಣ್ಣು ತುಂಬಿ ಬಂತು. ಕಾಕ ನಗು ನಿಲ್ಲಿಸಿ, ಕಿಸೆಯಿಂದ ಒಂದು ಸೀಮೆಸುಣ್ಣದ ತುಂಡು ತೆಗೆದು ಕೊಟ್ಟರು. "ನಾನೂ ಮಾಡಿದ್ದೇನೆ. ಅವತ್ತು ನನ್ನ ಉಸ್ತಾದರು ನಗಲಿಲ್ಲ, ಸ್ಪ್ಯಾನರಿನಲ್ಲಿ ಬಾರಿಸಿದ್ರು. ನಿನಗೆ ಕಡಿಮೆಯಲ್ಲಿ ಹೋಯಿತು. ಬಿಚ್ಚು."

ಆ ದಿನ ಸಂಜೆಯೊಳಗೆ ಗಾಡಿ ಮೌನವಾಯಿತು. ಕುಂಬ್ರದವರೆಗೆ ಹೋಗಿ ಬಂದೆವು. ಅಪ್ಪ ಐವತ್ತರಲ್ಲಿ ಕಿವಿ ಕೊಟ್ಟು, "ಅಜ್ಜ ಮಲಗಿದ್ರು," ಅಂದರು.

ಆದರೆ ಮೇಡಂ ಕೇಳಿದ ಪ್ರಶ್ನೆ ಹಾಗೆಯೇ ಉಳಿದಿತ್ತು. ಬಿಚ್ಚಿದ ಹಳೆಯ ಬೇರಿಂಗನ್ನು ಕೈಯಲ್ಲಿ ಹಿಡಿದು ನೋಡಿದೆ. ಒಳಗಿನ ಉಕ್ಕಿಗೆ ಏನೂ ಆಗಿರಲಿಲ್ಲ. ಸುತ್ತಲಿನ ರಬ್ಬರ್ ಮಾತ್ರ ಹಣ್ಣಾದ ಹಲಸಿನ ತೊಳೆಯ ಹಾಗೆ ಉಬ್ಬಿ, ಮೆತ್ತಗಾಗಿ, ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಮೆತ್ತೆ ಸೋತರೆ ಶಾಫ್ಟು ಜೋತು ಬೀಳುತ್ತದೆ, ಲೋಡಿನಲ್ಲಿ ಹೊರಡುವಾಗ ಬ್ರಾಕೆಟಿಗೆ ಹೊಡೆಯುತ್ತದೆ, ಐವತ್ತರಲ್ಲಿ ನಡುಗುತ್ತದೆ. ಅಲ್ಲಿಗೆ ಎರಡೂ ಶಬ್ದದ ಮೂಲ ಒಂದೇ ಅಂತ ಆಯಿತು. ಕಾಕನ ಗುಜರಿ ಡ್ರಮ್ಮಿನಲ್ಲಿ ಕೈ ಹಾಕಿ ಹುಡುಕಿದರೆ ಹಿಂದಿನ ಎರಡೂ ಸಿಕ್ಕಿದವು. ಅವೂ ಹಾಗೆಯೇ.

"ಡೂಪ್ಲಿಕೇಟ್ ಮಾಲು," ಅಂದರು ಕಾಕ.

ಇರಬಹುದು. ಆದರೆ ಅದೇ ಅಂಗಡಿಯ ಅದೇ ಮಾಲು ಬೇರೆ ಗಾಡಿಗಳಿಗೂ ಕಾಕ ಹಾಕಿದ್ದರು, ಅವು ಸರಿ ಇದ್ದವು. ನಾನು ಅದೇ ಅಂಗಡಿಯಿಂದ ಇನ್ನೊಂದು ಹೊಸ ಬೇರಿಂಗ್ ತಂದು, ಅದರ ರಬ್ಬರಿನಿಂದ ನಾಲ್ಕು ತುಂಡು ಕತ್ತರಿಸಿ, ನಾಲ್ಕು ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿ, ಮನೆಯ ಅಡುಗೆಕೋಣೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಒಂದರಲ್ಲಿ ನೀರು, ಒಂದರಲ್ಲಿ ಕೆಸರು, ಒಂದರಲ್ಲಿ ಗ್ರೀಸು, ಒಂದರಲ್ಲಿ ಎಂಜಿನಿನಿಂದ ತೆಗೆದ ಹಳೆಯ ಎಣ್ಣೆ. ಗಾಡಿಯ ಅಡಿಗೆ ತಾಗುವಂಥದ್ದು ಏನೆಲ್ಲ ಉಂಟೋ ಅದೆಲ್ಲ ಹಾಕಿ ನೋಡುವುದು ಅಂತ ಅಷ್ಟೆ. ವಾರದ ದಿನ ನಾನು ಹಾಸ್ಟೆಲಿನಲ್ಲಿ, ಬಾಟಲಿಗಳು ಅಮ್ಮನ ವಶದಲ್ಲಿ. ಒಂದೊಂದು ತುಂಡು ತೆಗೆದು, ಒರೆಸಿ, ನೂಲು ಸುತ್ತಿ, ದಪ್ಪ ಎಷ್ಟು ಅಂತ ನೂಲಿಗೆ ಗಂಟು ಹಾಕಿ ಇಡಬೇಕು ಅಂತ ಅಮ್ಮನಿಗೆ ತೋರಿಸಿ ಕೊಟ್ಟಿದ್ದೆ. ಅಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಮೂರನೇ ವಾರ ನಾನು ಮನೆಗೆ ಬಂದಾಗ ಬಾಗಿಲಲ್ಲೇ ಹೇಳಿದರು: "ಮೂರು ಬಾಟಲಿಯದ್ದಕ್ಕೆ ಎಂತದೂ ಆಗಲಿಲ್ಲ. ಕರಿ ಎಣ್ಣೆಯದ್ದು ಬಾತುಕೊಂಡಿದೆ. ಗಂಟು ಈಚೆ ಬಂತು ನೋಡು."

ನೂಲು ನೋಡಿದೆ. ಹೊಸ ಗಂಟು ನಿಜವಾಗಿ ಹಳೆಯ ಗಂಟಿಗಿಂತ ಈಚೆ ಬಂದಿತ್ತು. ಖುಷಿಯಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ಕರಿ ಎಣ್ಣೆ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತಿತ್ತು.

ನಮ್ಮ ಕಡೆ ಮಳೆಗಾಲ ಅಂದರೆ ಗಾಡಿಯ ಅಡಿಗೆ ತುಕ್ಕಿನ ಕಾಲ. ಅದಕ್ಕೆ ಮೇ ತಿಂಗಳಲ್ಲಿ ಒಮ್ಮೆ, ಮತ್ತೆ ಆಯುಧಪೂಜೆಯ ಹೊತ್ತಿಗೆ ಒಮ್ಮೆ ಗಾಡಿಯ ಅಡಿಭಾಗಕ್ಕೆ ಎಣ್ಣೆ ಹೊಡೆಯುತ್ತಾರೆ. ಎಂಜಿನಿನಿಂದ ತೆಗೆದ ಹಳೆಯ ಎಣ್ಣೆಗೆ ಸ್ವಲ್ಪ ಡೀಸೆಲ್ ಸೇರಿಸಿ ತೆಳ್ಳಗೆ ಮಾಡಿ, ತೋಟದ ಸ್ಪ್ರೇ ಪಂಪಿನಿಂದ ಹೊಡೆಯುವುದು. ಎಲ್ಲರೂ ಮಾಡುವುದೇ. ಆದರೆ ಅಪ್ಪ ಮಾಡುವ ಹಾಗೆ ಯಾರೂ ಮಾಡುವುದಿಲ್ಲ. ಬೇರೆಯವರು ವರ್ಷಕ್ಕೆ ಎರಡು ಸಲ ಮಾಡಿದರೆ ಅಪ್ಪ ತಿಂಗಳಿಗೊಮ್ಮೆ. ಭಾನುವಾರ ಬೆಳಿಗ್ಗೆ ಗೋಣಿ ಹಾಸಿ ಗಾಡಿಯ ಅಡಿಗೆ ಮಲಗಿದರೆ ಕಾಲು ಮಾತ್ರ ಹೊರಗೆ ಕಾಣುವುದು. ಒಂದು ಮೂಲೆ ಬಿಡುವುದಿಲ್ಲ. ಅದರಲ್ಲೂ ಆ ನಡುವಿನ ಬ್ರಾಕೆಟಿಗೆ, ಅಲ್ಲಿ ಶಬ್ದ ಬರುತ್ತದಲ್ಲ ಅಂತ, ಎರಡು ಸಲ ಹೆಚ್ಚು. "ಹದಿನಾಲ್ಕು ವರ್ಷದ ಗಾಡಿ. ಒಂದು ತೂತು ತೋರಿಸಿ," ಅಂತ ಅರಂತೋಡಿನ ಹೋಟೆಲಿನಲ್ಲಿ ಕೂತು ಪಂಥ ಕಟ್ಟುತ್ತಿದ್ದರು. ತೂತು ಇರಲಿಲ್ಲ, ನಿಜ.

ಅಪ್ಪನಿಗೆ ಹೇಳಲು ನನ್ನಿಂದ ಆಗಲಿಲ್ಲ. ನೀವೂ ಅಪ್ಪನಿಗೆ ಹೇಳಬೇಡಿ ಅಂತ ಅಮ್ಮನ ಹತ್ತಿರ ಅಂದೆ. ರಿಪೋರ್ಟಿನಲ್ಲಿ "ರಬ್ಬರ್ ಭಾಗಕ್ಕೆ ಖನಿಜ ತೈಲದ ಸಂಪರ್ಕ" ಅಂತ ಬರೆದು ಮುಗಿಸಿದೆ. ತೈಲ ಆಕಾಶದಿಂದ ಬಿದ್ದ ಹಾಗೆ. ಮೇಡಂ ಓದಿ, "ಎಲ್ಲಿಂದ ಬಂತು ಅಂತ ಬರೀಬೇಕಲ್ಲ," ಅಂದರು. ಎಂಜಿನಿನಿಂದ ಸೋರಿರಬಹುದು ಅಂತ ಒಂದು ಸಾಲು ಸೇರಿಸಿದೆ. ಅದು ಸುಳ್ಳು. ನನ್ನ ಇಡೀ ರಿಪೋರ್ಟಿನಲ್ಲಿ ಒಂದೇ ಸುಳ್ಳು, ಆದರೆ ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಇರಬೇಕಾಗಿದ್ದ ಜಾಗದಲ್ಲೇ ಅದು ಕೂತಿತ್ತು.

ಪರೀಕ್ಷೆಯ ದಿನ ಗಾಡಿಯನ್ನೂ ತರಬೇಕು ಅಂತ ಹೇಳಿದ್ದರು. ಬೆಳಿಗ್ಗೆ ಹತ್ತಕ್ಕೆ ಅಪ್ಪ ಬಂದರು. ಇಸ್ತ್ರಿ ಹಾಕಿದ ಅಂಗಿ, ತೊಳೆದ ಪಿಕಪ್. ಕಾಲೇಜಿನ ವರ್ಕ್‌ಶಾಪಿನ ಮುಂದೆ ನಿಲ್ಲಿಸಿ ಇಳಿದು, ನನ್ನ ಹತ್ತಿರ ಬಂದು, ಗುಟ್ಟು ಹೇಳುವವರ ಹಾಗೆ ಹೇಳಿದರು: "ನಿನ್ನೆ ಅಡಿಗೆ ಫುಲ್ ಹೊಡೆದಿದ್ದೇನೆ. ಎರಡು ಕೋಟ್. ಅವರು ಬಗ್ಗಿ ನೋಡಿದರೆ ಮರ್ಯಾದೆ ಹೋಗಬಾರದಲ್ಲ."

ನಾನು ಹೇಳಿದ್ದರೆ ಅವರು ಹೊಡೆಯುತ್ತಿರಲಿಲ್ಲ.

ಪರೀಕ್ಷಕರು ಘಟ್ಟದ ಮೇಲಿನವರು, ಬಿಳಿ ಕೂದಲು, ಆತುರ ಇಲ್ಲದ ಮನುಷ್ಯ. ನನ್ನ ಟೇಬಲ್ ನೋಡಿದರು, ಅಜ್ಜನ ಜಪದ ಕಾಲಂ ಓದಿ ಮೇಡಂ ಕಡೆ ತಿರುಗಿ ಹುಬ್ಬು ಎತ್ತಿದರು. ನೂಲಿನ ಗಂಟುಗಳನ್ನು ಎಳೆದು ನೋಡಿದರು. ಆಮೇಲೆ, "ಬನ್ನಿ, ಗಾಡಿ ನೋಡೋಣ," ಅಂತ ಹೊರಗೆ ಬಂದು, ಪ್ಯಾಂಟು ಮೇಲೆ ಎಳೆದುಕೊಂಡು ಮೊಣಕಾಲೂರಿ ಬಗ್ಗಿದರು. ಸೆಂಟರ್ ಬೇರಿಂಗಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಕೆಳಗೆ ಇಂಟರ್‌ಲಾಕ್ ಇಟ್ಟಿಗೆಯ ನೆಲದ ಮೇಲೆ ಕರಿ ಚುಕ್ಕೆಗಳ ಸಾಲು. ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು ಎದ್ದರು.

"ಏನಮ್ಮಾ ಇದು? ಎಂಜಿನ್ನಿಂದ ಸೋರಿದ್ದು ಅಂತ ಬರೆದಿದ್ದೀಯ. ಇದು ಸೋರಿದ್ದಲ್ಲ. ಯಾರೋ ಚೆನ್ನಾಗಿ ಹೊಡೆದಿದ್ದಾರೆ. ಯಾರು?"

ಮೇಡಂ ನನ್ನನ್ನು ನೋಡಿದರು. ಮೇಡಂ ಹೇಳಿದ್ದ ಆ ಇನ್ನೊಂದು ವರ್ಷ ನನ್ನ ಎದುರಿಗೆ ನಿಂತಿತ್ತು. ಯಾರೋ ಗ್ಯಾರೇಜಿನವರು ಅಂತ ಹೇಳಿ ಪಾರಾಗಬಹುದಿತ್ತು, ಕಾಕ ಅಲ್ಲಿ ಇರಲಿಲ್ಲ. ಬಾಯಿ ತೆರೆದಾಗ ಬಂದದ್ದು ಬೇರೆ.

"ನಮ್ಮ ಅಪ್ಪ ಸಾರ್. ತಿಂಗಳಿಗೊಮ್ಮೆ ಹೊಡೀತಾರೆ. ತುಕ್ಕು ಹಿಡಿಯಬಾರದು ಅಂತ. ರಬ್ಬರ್ ಹಾಳಾಗುದು ಅದರಿಂದಲೇ. ನನಗೆ ಗೊತ್ತಿತ್ತು. ರಿಪೋರ್ಟಿನಲ್ಲಿ ತಪ್ಪು ಬರೆದೆ."

ಅಪ್ಪ ಗಾಡಿಯ ಬಾಗಿಲಿನ ಹತ್ತಿರ ನಿಂತಿದ್ದರು. ನಾನು ಅವರ ಕಡೆ ನೋಡಲಿಲ್ಲ.

"ಮೂರು ಸಲವೂ ನನ್ನಿಂದಲೇ ಆದದ್ದಾ?" ಅಂತ ಅಪ್ಪ ಕೇಳಿದರು, ನನ್ನ ಹತ್ತಿರ ಅಲ್ಲ, ಗಾಡಿಯ ಹತ್ತಿರ ಕೇಳಿದ ಹಾಗೆ.

"ಹೌದು ಅಪ್ಪ."

"ಹಾಗಾದರೆ ಕಾಕನಿಗೆ ನಾನು ಬೈದದ್ದೆಲ್ಲ ವೇಸ್ಟ್." ತಲೆ ಕೆರೆದುಕೊಂಡರು. ಆಮೇಲೆ ಪರೀಕ್ಷಕರ ಕಡೆ ತಿರುಗಿ, ಹೋಟೆಲಿನಲ್ಲಿ ವಾದ ಮಾಡುವ ಅದೇ ಸ್ವರದಲ್ಲಿ: "ಅಲ್ಲ ಸಾರ್, ಎಣ್ಣೆ ಹೊಡೆಯದಿದ್ದರೆ ನಮ್ಮ ಮಳೆಗೆ ಚಾಸಿಸೇ ತಿಂದು ಹೋಗ್ತದೆ. ಅದಕ್ಕೆ ನಿಮ್ಮ ಪುಸ್ತಕದಲ್ಲಿ ಎಂತ ಉಂಟು?"

ಪರೀಕ್ಷಕರು ನಕ್ಕರು. "ಒಳ್ಳೆ ಪ್ರಶ್ನೆ. ನಿಮ್ಮ ಮಗಳನ್ನೇ ಕೇಳಿ."

ರಬ್ಬರ್ ಇರುವ ಜಾಗಗಳನ್ನು ಮುಚ್ಚಿ ಹೊಡೆಯಬೇಕು, ಬ್ರೇಕಿನ ಪೈಪು, ಬುಷ್ಷು ಎಲ್ಲ ಸೇರಿ, ಅಂದೆ. ಎಂತದರಲ್ಲಿ ಮುಚ್ಚುವುದು ಅಂತ ಪರೀಕ್ಷಕರು ಕೇಳಿದರು. ಪ್ಲಾಸ್ಟಿಕ್ಕು ಅಂದೆ. ಗಾಳಿಗೆ ಹಾರುತ್ತದೆ, ಕಟ್ಟಿದರೆ ಹರಿಯುತ್ತದೆ ಅಂದರು. ಟಯರ್ ಟ್ಯೂಬು ಅಂದೆ. ಅದೂ ರಬ್ಬರೇ ಅಲ್ಲವಾ ಅಂದರು.

"ಹಾಳೆ ಕಟ್ಟಿದರೆ ಆಯ್ತಲ್ಲ," ಅಂದರು ಅಪ್ಪ. "ಅಡಿಕೆ ಹಾಳೆ. ನೆನೆಸಿದರೆ ಬೇಕಾದ ಹಾಗೆ ಬಾಗ್ತದೆ, ಒಣಗಿದರೆ ಹಾಗೇ ನಿಲ್ತದೆ. ಎಣ್ಣೆ ಒಳಗೆ ಇಳಿಯುದಿಲ್ಲ. ಹೊಡೆದಾದ ಮೇಲೆ ಬಿಚ್ಚಿ ಇಟ್ಟರೆ ಮುಂದಿನ ಸಲಕ್ಕೂ ಬರ್ತದೆ."

ಘಟ್ಟದ ಮೇಲಿನವರಿಗೆ ಹಾಳೆ ಅಂದರೆ ಕಾಗದ. ಅಪ್ಪ ವರ್ಕ್‌ಶಾಪಿನ ಹಿಂದಿನ ಅಡಿಕೆ ಮರದ ಕೆಳಗೆ ಬಿದ್ದಿದ್ದ ಸೋಗೆಯ ಬುಡದ ಅಗಲ ಹಾಳೆಯೊಂದನ್ನು ಎತ್ತಿಕೊಂಡು ಬಂದು, ನಳ್ಳಿಯ ನೀರಿನಲ್ಲಿ ನೆನೆಸಿ, ಇಸ್ತ್ರಿಯ ಅಂಗಿಯಲ್ಲೇ ಗಾಡಿಯ ಅಡಿಗೆ ಮಲಗಿ, ಬ್ರಾಕೆಟಿನ ಸುತ್ತ ಸುತ್ತಿ ತೋರಿಸಿದರು. ಹೊರಗೆ ಎರಡು ಕಾಲು. ಪರೀಕ್ಷಕರು ಮತ್ತೆ ಮೊಣಕಾಲೂರಿ ನೋಡಿದರು. ಈ ಸಲ ಮೇಡಂ ಕೂಡ ಬಗ್ಗಿದರು.

ನನ್ನನ್ನು ಕರೆದು ಪರೀಕ್ಷಕರು ಹೇಳಿದ್ದು ಇಷ್ಟು: "ಆ ಸುಳ್ಳು ಇರೋ ಪುಟ ತೆಗಿ. ನಡೆದದ್ದನ್ನ ಬರಿ. ಎಣ್ಣೆ ಯಾರು ಹೊಡೆದರು, ಯಾಕೆ ಹೊಡೆದರು, ಪರಿಹಾರ ಯಾರು ಹೇಳಿದರು, ಎಲ್ಲ. ನಾಳೆ ಹತ್ತು ಗಂಟೆಗೆ ನಿಮ್ಮ ಮೇಡಂ ಕೈಗೆ ಕೊಡು. ಕೊಟ್ಟರೆ ಪಾಸು."

ಕೊಟ್ಟೆ. ಅಪ್ಪ ಎಣ್ಣೆ ಹೊಡೆಯುವುದು ನಿಲ್ಲಿಸಲಿಲ್ಲ, ಹಾಳೆ ಕಟ್ಟಿ ಹೊಡೆಯುತ್ತಾರೆ. ನಾಲ್ಕನೇ ಬೇರಿಂಗ್ ಇನ್ನೂ ಹಾಕಿಲ್ಲ. ಮನೆಗೆ ಹೋಗುವಾಗ ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು, ಅದೂ ಸುಳ್ಯ ದಾಟಿದ ಮೇಲೆ: "ಗೊತ್ತಾದ ದಿನವೇ ಹೇಳ್ಬೇಕಿತ್ತು. ನಾನೆಂತ ಗಾಜಾ, ಒಡೆದು ಹೋಗ್ಲಿಕ್ಕೆ?"

ಸರ್ಟಿಫಿಕೇಟು ಕೈಗೆ ಬರಲು ಮತ್ತೊಂದು ಮಳೆಗಾಲ ಕಳೆಯಬೇಕಾಯಿತು. ಕಾಲೇಜಿನ ಸಭಾಂಗಣದಲ್ಲಿ ಕಾರ್ಯಕ್ರಮ ಇಟ್ಟಿದ್ದರು. ನಾವು ಬಾಡಿಗೆಯ ಕರಿ ಗೌನು ಹಾಕಿ ಸಾಲಾಗಿ ಕೂತಿದ್ದೆವು. ಅಪ್ಪ, ಅಮ್ಮ ಹಿಂದಿನಿಂದ ಮೂರನೇ ಸಾಲಿನಲ್ಲಿ. ಹೆಸರು ಕರೆದಾಗ ಮೆಟ್ಟಿಲು ಹತ್ತಿದೆ, ಎರಡು ಕೈಯಿಂದ ತೆಗೆದುಕೊಂಡೆ, ಇಳಿದೆ. ಅಷ್ಟೇ. ಐದು ವರ್ಷ ಓದಿ ವೇದಿಕೆಯ ಮೇಲೆ ಇದ್ದದ್ದು ಹತ್ತು ಹೆಜ್ಜೆ. ಆದರೂ ಹೇಳುತ್ತೇನೆ, ಆ ಹತ್ತು ಹೆಜ್ಜೆ ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ನಡೆದಿಲ್ಲ.

ಹೊರಗೆ ಬಂದು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡರು. ಕನ್ನಡದಲ್ಲಿ ಇದ್ದ ಸಾಲುಗಳ ಮೇಲೆ, ಕಾಗದಕ್ಕೆ ತಾಗಿಸದೆ, ಬೆರಳು ಓಡಿಸುತ್ತಾ ನನ್ನ ಹೆಸರಿನವರೆಗೆ ಓದಿದರು. ಓದಿ ಮುಗಿದ ಮೇಲೂ ನೋಡುತ್ತಾ ನಿಂತರು. ಅಪ್ಪ ಫೋಟೋ ತೆಗೆಯಲು ಫೋನು ಹಿಡಿದು, ಆಚೆ ನಿಲ್ಲು, ಈಚೆ ನಿಲ್ಲು ಅಂತ ಗಲಾಟೆ ಮಾಡುತ್ತಿದ್ದರು. ಅಮ್ಮ ಕಾಗದವನ್ನು ಎರಡೂ ತುದಿಯಲ್ಲಿ ಹಿಡಿದು, ಅಳತೆ ನೋಡುವ ಹಾಗೆ ಸ್ವಲ್ಪ ಮುಂದಕ್ಕೆ ಚಾಚಿದರು.

"ಇದನ್ನು ಮಡಿಸದೆ ಇಡುವಷ್ಟು ದೊಡ್ಡ ಪೆಟ್ಟಿಗೆ ನಮ್ಮ ಮನೆಯಲ್ಲಿ ಇಲ್ಲ," ಅಂದರು. "ಹೋಗುವಾಗ ಒಂದು ತಕೊಂಡು ಹೋಗುವ."